ಸುಮ್ಮನಿದ್ದವರ ಪಹಣಿ

ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಂಥ ಊರಲ್ಲಿ ಒಂದೇ ಸರ್ವೆ ನಂಬರಿನ ಇಪ್ಪತ್ತು ಮೂವತ್ತು ವರ್ಷಗಳ ಪಹಣಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ, ಯಾರೋ ಕೇಳಿ ಬರೆಸಿದ ಸಾಲುಗಳಿಗಿಂತ ಯಾರೂ ಏನೂ ಕೇಳದ ಕಾರಣಕ್ಕೆ ಮುಂದುವರಿದ ಸಾಲುಗಳೇ ಹೆಚ್ಚಿರುತ್ತವೆ. ಮಾಲಕನ ಹೆಸರು ಹೋದ ವರ್ಷದ್ದು, ಮಣ್ಣಿನ ನಮೂನೆ ಅದಕ್ಕೂ ಹಿಂದಿನ ಅಳತೆಯ ಕಾಲದ್ದು, ಸಾಲದ ಬೋಜಾ ತೀರಿಸಿದರೂ ತೆಗೆಸದೆ ಉಳಿದದ್ದು. ಯಾರೂ ಬಾಯಿಬಿಡದಿದ್ದಾಗ ಏನಾಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಡುವ ಈ ಕೆಲಸವನ್ನು ಇವತ್ತು ತಂತ್ರಾಂಶ ಬರೆಯುವವರು ಡೀಫಾಲ್ಟ್ ಎನ್ನುತ್ತಾರೆ. ಪರದೆಯ ಮೇಲೆ ಪ್ರಶ್ನೆ ಕೇಳುವ ಪುಟ್ಟ ಚೌಕ ಬಂದಾಗ ಎಂಟರ್ ಒತ್ತಿದರೆ ‘ಹೌದು’ ಆಗಬೇಕೋ ‘ಬೇಡ’ ಆಗಬೇಕೋ, ಪಟ್ಟಿಯಲ್ಲಿ ಯಾವ ಹೆಸರಿಗೆ ಮೊದಲೇ ಟಿಕ್ ಬಿದ್ದಿರಬೇಕು ಎಂಬ ಚರ್ಚೆಯನ್ನು ಅವರು ಬಹುಮಟ್ಟಿಗೆ ಬಳಕೆದಾರನ ಅನುಕೂಲದ ಮಾತಾಗಿ ನಡೆಸಿಕೊಂಡು ಬಂದಿದ್ದಾರೆ. ನನ್ನ ವಾದ ಬೇರೆ. ಮೊದಲೇ ಆಯ್ದಿಟ್ಟ ಉತ್ತರ ಎಂದರೆ ಒಬ್ಬರ ಮೌನದ ಬೆಲೆಯನ್ನು ಯಾರು ತೆರಬೇಕು ಎಂಬ ತೀರ್ಮಾನ. ಈ ಭಾಗದ ಕಂದಾಯ ದಾಖಲೆಗಳ ಇತಿಹಾಸ ಅದನ್ನು ಕಂಪ್ಯೂಟರು ಬರುವ ಮೊದಲೇ ತೋರಿಸಿಕೊಟ್ಟಿದೆ, ಕಂಪ್ಯೂಟರು ಬಂದಮೇಲೆ ಇನ್ನೂ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ.

ಅಫಜಲಪುರ ಸೇರಿರುವ ಗುಲ್ಬರ್ಗ ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತದಲ್ಲಿತ್ತು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಊರಿನ ಲೆಕ್ಕ ವಂಶಪಾರಂಪರ್ಯವಾಗಿ ಬಂದ ಪಟವಾರಿಯ, ಅಂದರೆ ಕುಲಕರ್ಣಿಯ ಕೈಯಲ್ಲಿ. ಕಾನೂನು 1317 ಫಸಲಿಯ ಹೈದರಾಬಾದ್ ಭೂಕಂದಾಯ ಕಾಯ್ದೆ, ಸರ್ಕಾರದ ಭಾಷೆ ಉರ್ದು. ಹೊಲ ಉಳುವವನಿಗೆ ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂದು ಓದಿ ನೋಡುವ ದಾರಿಯೇ ಇರಲಿಲ್ಲ ಎಂದರೂ ನಡೆದೀತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1963ರ ಫೆಬ್ರುವರಿಯಿಂದ ರದ್ದಾದವು, ಸಂಬಳದ ಗ್ರಾಮ ಲೆಕ್ಕಿಗ ಬಂದ. 1964ರ ಭೂಕಂದಾಯ ಅಧಿನಿಯಮ ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್ ಪ್ರಾಂತಗಳಿಗೆಲ್ಲ ಒಂದೇ ಕಟ್ಟಳೆ ತಂದಿತು. ಅದರ 128ನೆಯ ಪ್ರಕರಣದ ಪ್ರಕಾರ ಭೂಮಿಯಲ್ಲಿ ಹಕ್ಕು ಪಡೆದವನು ಮೂರು ತಿಂಗಳೊಳಗೆ ವರದಿ ಮಾಡಬೇಕು. 129ರ ಪ್ರಕಾರ ಆ ಬದಲಾವಣೆಯನ್ನು ಮ್ಯುಟೇಶನ್ ರಿಜಿಸ್ಟರಿಗೆ ಏರಿಸಿ, ಸಂಬಂಧಪಟ್ಟವರಿಗೆ ನೋಟಿಸು ಕೊಟ್ಟು, ತಕರಾರು ಬಾರದಿದ್ದರೆ ದೃಢೀಕರಿಸಬೇಕು. ಇದಕ್ಕೆ ಬಹುಕಾಲ 30 ದಿನಗಳ ಕಾಯುವಿಕೆ ಇತ್ತು. 133ನೆಯ ಪ್ರಕರಣವಂತೂ ಇಡೀ ವ್ಯವಸ್ಥೆಯ ಬುಡ: ಹಕ್ಕುದಾಖಲೆಯಲ್ಲಿ ಇರುವ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ ನಿಜವೆಂದೇ ಭಾವಿಸತಕ್ಕದ್ದು.

ಇಲ್ಲಿ ಎರಡು ಮೊದಲೇ ಆಯ್ದಿಟ್ಟ ಉತ್ತರಗಳಿವೆ, ಎರಡೂ ಒಂದಕ್ಕೊಂದು ಎದುರು ದಿಕ್ಕಿನವು. ಯಾರೂ ಅರ್ಜಿ ಹಾಕದಿದ್ದರೆ ಇದ್ದದ್ದು ಇದ್ದ ಹಾಗೆ. ಒಬ್ಬ ಅರ್ಜಿ ಹಾಕಿ ಉಳಿದವರು ಸುಮ್ಮನಿದ್ದರೆ ಅರ್ಜಿದಾರ ಹೇಳಿದ ಹಾಗೆ. ಮೊದಲನೆಯದು ಹಳೆಯ ಮಾಲಕನನ್ನು ಕಾಯುತ್ತದೆ, ಎರಡನೆಯದು ಹೊಸದಾಗಿ ಹಕ್ಕು ಹೇಳುವವನಿಗೆ ದಾರಿ ಬಿಡುತ್ತದೆ. ನಡುವೆ ನಿಂತಿರುವುದು ಚಾವಡಿಗೆ ಹಚ್ಚಿದ ಒಂದು ನೋಟಿಸು ಮತ್ತು ಕೆಲವು ದಿನಗಳ ಅವಧಿ. ಕಾನೂನು ಬರೆದವರು ಇದನ್ನು ಯೋಚಿಸದೆ ಮಾಡಲಿಲ್ಲ. ಪ್ರತಿ ಖಾತೆ ಬದಲಾವಣೆಗೂ ಎಲ್ಲರ ಸಹಿ ಬೇಕೆಂದರೆ ಯಾವ ಖಾತೆಯೂ ಬದಲಾಗುವುದಿಲ್ಲ. ಯಾರ ಮಾತೂ ಬೇಡವೆಂದರೆ ಯಾರ ಹೊಲವೂ ಉಳಿಯುವುದಿಲ್ಲ. ಆದರೆ ಕಾಗದದ ಮೇಲಿನ ಈ ಎರಡರ ಜೊತೆಗೆ ಬರೆಯದ ಮೂರನೆಯದೊಂದು ಇತ್ತು: ರಾಶಿಯಲ್ಲಿದ್ದ ಅರ್ಜಿಗಳಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದು. ಅದು ಲೆಕ್ಕಿಗನ, ಅವನ ಮೇಲಿನವನ ಮರ್ಜಿ. ಲಂಚದ ಬೇರು ಕಾನೂನಿನ ದೊಡ್ಡ ಪ್ರಕರಣಗಳಿಗಿಂತ ಈ ಸಣ್ಣ ಮರ್ಜಿಯಲ್ಲೇ ಹೆಚ್ಚು ಆಳಕ್ಕೆ ಇಳಿದಿತ್ತು. ಕೈ ಬಿಸಿ ಮಾಡದವನ ಅರ್ಜಿಯನ್ನು ಯಾರೂ ತಿರಸ್ಕರಿಸಬೇಕಾಗಿರಲಿಲ್ಲ, ಎತ್ತಿಕೊಳ್ಳದೆ ಬಿಟ್ಟರೆ ಸಾಕಿತ್ತು.

ತಂತ್ರಾಂಶದ ಲೋಕದಲ್ಲಿ ಇದೇ ಪ್ರಶ್ನೆಯನ್ನು 1980ರ ದಶಕದಲ್ಲಿ ಕಾಣಬಹುದು. ಎಂಎಸ್-ಡಾಸ್‌ನಲ್ಲಿ ಒಂದು ಕಡತಕೋಶದಲ್ಲಿರುವುದನ್ನೆಲ್ಲ ಅಳಿಸಲು ಹೇಳಿದರೆ ಖಚಿತವೇ ಎಂದು ಕೇಳುತ್ತಿತ್ತು, ಹೌದಿಗೆ ಒಂದಕ್ಷರ ಬೇಡಕ್ಕೆ ಒಂದಕ್ಷರ. ಮೊದಲೇ ಆಯ್ದಿಟ್ಟದ್ದು ಏನೂ ಇರಲಿಲ್ಲ. 1984ರ ಮ್ಯಾಕಿಂಟಾಷ್ ಬೇರೆ ರೂಢಿ ತಂದಿತು. ಚೌಕದಲ್ಲಿನ ಒಂದು ಗುಂಡಿಯ ಸುತ್ತ ದಪ್ಪ ಗೆರೆ, ರಿಟರ್ನ್ ಕೀಲಿ ಒತ್ತಿದರೆ ಆ ಗುಂಡಿಯೇ ಒತ್ತಿದಂತೆ. ವಿಂಡೋಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಪ್ರೋಗ್ರಾಂ ಬರೆಯುವವನು ಯಾವ ಗುಂಡಿ ಎಂದು ಹೇಳದೆ ಬಿಟ್ಟರೆ ಮೊದಲ ಗುಂಡಿಯೇ ಆಯ್ಕೆ. ‘ಹೌದು–ಇಲ್ಲ’ ಚೌಕದಲ್ಲಿ ಮೊದಲ ಗುಂಡಿ ‘ಹೌದು’. ಹೀಗಾಗಿ ಸಾವಿರಾರು ತಂತ್ರಾಂಶಗಳಲ್ಲಿ, ಯಾರೂ ಕೂತು ತೀರ್ಮಾನಿಸದೆಯೇ, ಅಪಾಯದ ಉತ್ತರ ಎಂಟರ್ ಕೀಲಿಯ ಕೆಳಗೆ ಬಂದು ಕೂತಿತು. ಬಳಸುವವನ ಮೌನಕ್ಕಿಂತ ಮೊದಲು ಬರೆಯುವವನ ಮೌನಕ್ಕೇ ಒಂದು ಡೀಫಾಲ್ಟ್ ಇತ್ತು ಎಂಬ ಈ ಸಂಗತಿ ನನಗೆ ಕಂದಾಯ ಕಾಯ್ದೆಯ 133ನೆಯ ಪ್ರಕರಣದಷ್ಟೇ ಮುಖ್ಯವಾಗಿ ಕಾಣುತ್ತದೆ. ಇದಕ್ಕೆ ಎದುರಾಗಿ, ಎಚ್ಚರದಿಂದ ಮಾಡಿದ ಕೆಲಸದ ನಮೂನೆ ಬೇಕಿದ್ದರೆ ಡೆಬಿಯನ್ ಲಿನಕ್ಸ್‌ನ ಆಪ್ಟ್ ಎಂಬ, ತಂತ್ರಾಂಶ ಹಾಕುವ ಸಾಧನವನ್ನು ನೋಡಬಹುದು. ತಂತ್ರಾಂಶ ಹಾಕುವಾಗ ಮುಂದುವರಿಯಲೇ ಎಂದು ಕೇಳುವ ಕಡೆ ‘ಹೌದು’ ದೊಡ್ಡಕ್ಷರದಲ್ಲಿರುತ್ತದೆ, ಸುಮ್ಮನೆ ಎಂಟರ್ ಒತ್ತಿದರೆ ಕೆಲಸ ಮುಂದುವರಿಯುತ್ತದೆ. ಬರುತ್ತಿರುವ ತಂತ್ರಾಂಶದ ಕಟ್ಟಿನ ಮೂಲ ದೃಢಪಟ್ಟಿಲ್ಲ, ಆದರೂ ಹಾಕಲೇ ಎಂದು ಕೇಳುವ ಕಡೆ ‘ಬೇಡ’ ದೊಡ್ಡಕ್ಷರಕ್ಕೆ ಬರುತ್ತದೆ. ಒಂದೇ ತಂತ್ರಾಂಶ, ಒಂದೇ ಕೀಲಿ. ಹಾನಿಯ ತೂಕ ಬದಲಾದಾಗ ಉತ್ತರವೂ ಬದಲಾಗಿದೆ.

ಈ ಅನುಭವದಿಂದ ತಂತ್ರಾಂಶದವರು ಕಂಡುಕೊಂಡ ಸೂತ್ರ ಸರಳ: ಹಿಂದಕ್ಕೆ ತರಬಹುದಾದ ಕೆಲಸಕ್ಕೆ ‘ಹೌದು’ ಇರಲಿ, ತರಲಾಗದ ಕೆಲಸಕ್ಕೆ ‘ಬೇಡ’ ಇರಲಿ. ವಿಂಡೋಸ್ 95ರಲ್ಲಿ ಕಸದ ಬುಟ್ಟಿ ಬಂದಮೇಲೆ ಕಡತ ಅಳಿಸುವಾಗ ‘ಹೌದು’ ಆಯ್ಕೆಯಾಗಿರುವುದು ದೋಷವೆನಿಸುವುದಿಲ್ಲ, ಬುಟ್ಟಿಯಿಂದ ಹೆಕ್ಕಿಕೊಳ್ಳಬಹುದು. ಸೂತ್ರ ಒಳ್ಳೆಯದೇ. ಆದರೆ ಅದರ ಅಡಿಯಲ್ಲಿ ಒಂದು ಗ್ರಹಿಕೆ ಅಡಗಿದೆ, ತಂತ್ರಾಂಶ ಬರೆಯುವವರ ಕಚೇರಿಗಳಲ್ಲಿ ಅದು ನಿಜವೂ ಆಗಿತ್ತು: ಗುಂಡಿ ಒತ್ತುವವನೇ ನಷ್ಟ ಅನುಭವಿಸುವವನು. ತನ್ನ ಕಡತವನ್ನು ತಾನೇ ಅಳಿಸಿಕೊಂಡವನು ಸಂಜೆಯೊಳಗೆ ಹುಡುಕುತ್ತಾನೆ. ಅಫಜಲಪುರದ ತಹಶೀಲ್ ಕಚೇರಿಯಲ್ಲಿ ಒತ್ತುವವನು ಕಟ್ಟೆಯ ಒಳಗಿರುತ್ತಾನೆ, ಹೊಲದವನು ಹೊರಗೆ. ಒಳಗಿನವನ ಬೆರಳು ಜಾರಿದ್ದು ಹೊರಗಿನವನಿಗೆ ಗೊತ್ತಾಗುವುದು ಬ್ಯಾಂಕಿಗೆ ಸಾಲಕ್ಕೆ ಹೋದಾಗ, ಇಲ್ಲವೇ ತಮ್ಮನ ಮಗ ಕೋರ್ಟಿಗೆ ಹೋದಾಗ.

ಪಹಣಿಗಳನ್ನು ಗಣಕಕ್ಕೆ ಏರಿಸಿದ ಕರ್ನಾಟಕದ ಭೂಮಿ ಯೋಜನೆಯನ್ನು ಹೊಗಳುವವರೂ ತೆಗಳುವವರೂ ಹೆಚ್ಚಾಗಿ ಗಣಕೀಕರಣದ ಗಾತ್ರವನ್ನೇ ಹೇಳುತ್ತಾರೆ: ಆಗಿನ 177 ತಾಲ್ಲೂಕು, ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ, ಒಂದು ಪ್ರತಿಗೆ ಆಗ 15 ರೂಪಾಯಿ. ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ 2000ದ ಆಸುಪಾಸು ಇದು ನಡೆದ ವೇಗ ನಿಜಕ್ಕೂ ದೊಡ್ಡದೇ. ನನ್ನ ಮಟ್ಟಿಗೆ ಅದರ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶ ಕಟ್ಟಿಹಾಕಿತು. ಮೊದಲು ಬಂದದ್ದನ್ನು ಒಪ್ಪಬೇಕು ಇಲ್ಲವೇ ಕಾರಣ ಕೊಟ್ಟು ತಳ್ಳಬೇಕು, ಅದನ್ನು ಪಕ್ಕಕ್ಕಿಟ್ಟು ಎರಡನೆಯದಕ್ಕೆ ಕೈ ಹಾಕುವಂತಿಲ್ಲ. ಮೇಲೆ ಹೇಳಿದ ಆ ಮೂರನೆಯ, ಬರೆಯದ ಆಯ್ಕೆ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೋದದ್ದು ಹೀಗೆ. ಒಳಬರಲು ಗುಪ್ತಪದದ ಬದಲು ಬೆರಳಚ್ಚು ಇಟ್ಟದ್ದರಿಂದ ಯಾರು ಒತ್ತಿದರೋ ಅವರ ಗುರುತು ಉಳಿಯಿತು. ಈ ಯೋಜನೆಯ ಮೂರನೆಯ ಏರ್ಪಾಟು ಚಿಕ್ಕದು, ಆದರೆ ಎಲ್ಲಕ್ಕಿಂತ ಜಾಣತನದ್ದು: ಕಟ್ಟೆಯ ಮೇಲೆ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ಒಳಗಿನವನು ಕಾಣುವುದನ್ನೇ ಹೊರಗಿನವನೂ ಕಾಣುತ್ತಾನೆ. ಒತ್ತುವವನು ಬೇರೆ, ಅನುಭವಿಸುವವನು ಬೇರೆ ಎಂಬ ಸಂಗತಿಯನ್ನು ಮರದ ಕಟ್ಟೆಯ ಮಟ್ಟದಲ್ಲಿ ಒಪ್ಪಿಕೊಂಡ ವಿನ್ಯಾಸ ಅದು. ಓದು ಬಾರದವನಿಗೆ ಪರದೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಜೊತೆಗೆ ಬಂದ ಮಗಳಿಗೋ ಸರದಿಯಲ್ಲಿ ಹಿಂದೆ ನಿಂತವನಿಗೋ ಓದು ಬರುತ್ತದಲ್ಲ, ಗುಟ್ಟು ಉಳಿಯದಿರಲು ಅಷ್ಟು ಸಾಕು. ಇಷ್ಟಾದರೂ 133ನೆಯ ಪ್ರಕರಣ ಹಾಗೆಯೇ ಇತ್ತು ಎಂಬುದನ್ನು ಮರೆಯಬಾರದು. ಕೈಬರಹದಲ್ಲಿ ತಪ್ಪಾಗಿದ್ದದ್ದು ಗಣಕಕ್ಕೆ ಹೋಗುವಾಗ ಸರಿಯಾಗಲಿಲ್ಲ, ಅಚ್ಚುಕಟ್ಟಾಯಿತು ಅಷ್ಟೆ. ಸುಳ್ಳೆಂದು ತೋರಿಸುವ ಹೊರೆ ಮೊದಲಿನಂತೆ ಹೊಲದವನ ಮೇಲೆಯೇ ಉಳಿಯಿತು.

ಇಷ್ಟೆಲ್ಲ ಎಚ್ಚರ ಇಟ್ಟರೆ ಕೆಲಸ ಓಡುವುದು ಹೇಗೆ ಎಂಬುದು ನ್ಯಾಯವಾದ ಆಕ್ಷೇಪ. ದಿನಕ್ಕೆ ನೂರಾರು ಅರ್ಜಿ ನೋಡುವ ಆಪರೇಟರಿಗೆ ಪ್ರತಿ ಚೌಕದಲ್ಲೂ ‘ಬೇಡ’ ಇಟ್ಟರೆ ಅವರ ಬೆರಳು ನಾಲ್ಕು ದಿನದಲ್ಲಿ ಬಾಣದ ಕೀಲಿ–ಎಂಟರ್ ಎಂಬ ಜೋಡಿಯನ್ನು ಕಲಿತುಬಿಡುತ್ತದೆ, ಆಮೇಲೆ ಪ್ರಶ್ನೆ ಓದುವವರಿಲ್ಲ. ಮ್ಯಾಕಿಂಟಾಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ 2000ದ ತಮ್ಮ ಪುಸ್ತಕದಲ್ಲಿ ಈ ಮಾತನ್ನೇ ಬಿಡಿಸಿ ಹೇಳಿದ್ದಾರೆ: ಪದೇಪದೇ ಕೇಳುವ ಖಚಿತವೇ ಎಂಬ ಪ್ರಶ್ನೆಗೆ ಉತ್ತರ ರೂಢಿಯಾಗುತ್ತದೆ, ರೂಢಿಯಾದ ಉತ್ತರ ಯಾವ ಹಾನಿಯನ್ನೂ ತಡೆಯುವುದಿಲ್ಲ. ಡಾಸ್‌ನ ಕಾಲದಲ್ಲಿ ಅಕ್ಷರ ಒತ್ತಿ ಎಂಟರ್ ಹೊಡೆಯುವುದು ಒಂದೇ ಚಲನೆಯಾಗಿದ್ದನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ನಾನೂ ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ಸಿದ್ಧವಾಗುವುದು ‘ಹೌದು’ ಇಡಬೇಕೆಂಬುದಲ್ಲ, ಕಡಿಮೆ ಕೇಳಬೇಕೆಂಬುದು. ಹಿಂದಕ್ಕೆ ತರುವ ದಾರಿ ಇರುವ ಕಡೆ ಕೇಳುವುದನ್ನೇ ಬಿಟ್ಟರೆ, ಕೇಳಲೇಬೇಕಾದ ನಾಲ್ಕಾರು ಕಡೆ ‘ಬೇಡ’ ಇಡಲು, ಅಲ್ಲಿ ಬೆರಳು ತಡವರಿಸಲು ಜಾಗ ಸಿಗುತ್ತದೆ. ಕಂದಾಯದ ನೋಟಿಸು ಅವಧಿಯೂ ಇಂಥದ್ದೇ ಒಂದು ಹಿಂದಕ್ಕೆ ತರುವ ದಾರಿ: ಅರ್ಜಿ ತೆಗೆದುಕೊಳ್ಳುವಾಗ ಹೆಚ್ಚು ತಡೆಯುವುದಿಲ್ಲ, ಜಾರಿಯಾಗುವ ಮುನ್ನ ತಡೆಯಲು ಕಾಲ ಕೊಡುತ್ತದೆ.

ಇನ್ನು ಕೆಲವರು ಏನನ್ನೂ ಮೊದಲೇ ಆಯ್ದಿಡಬೇಡಿ, ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಲಿ ಎನ್ನುತ್ತಾರೆ. ಅದಕ್ಕೆ ಎತ್ತಿ ತೋರಿಸಬಹುದಾದ ಒಳ್ಳೆಯ ಉದಾಹರಣೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರ. ಅದರಲ್ಲಿ ಮೊದಲೇ ಆಯ್ಕೆಯಾದ ಹೆಸರಿಲ್ಲ, ಸಮಯ ಕಳೆದರೆ ಯಾರಿಗೋ ಬೀಳುವ ಮತವಿಲ್ಲ. ಯಾರೂ ಬೇಡ ಎನ್ನುವವನಿಗೂ 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬೇರೆ ಗುಂಡಿ ಇದೆ. ಸುಮ್ಮನಿರುವುದನ್ನೂ ‘ಯಾರೂ ಬೇಡ’ ಎನ್ನುವುದನ್ನೂ ಯಂತ್ರ ಒಂದಾಗಿ ಎಣಿಸುವುದಿಲ್ಲ. ಮತದ ವಿಷಯದಲ್ಲಿ ಇದಕ್ಕಿಂತ ಸರಿಯಾದದ್ದು ಇರಲಾರದು. ಆದರೆ ಅದು ಕೆಲವು ವರ್ಷಕ್ಕೊಮ್ಮೆ, ಪ್ರತಿಯೊಬ್ಬನೂ ಖುದ್ದು ಬಂದು ಮಾಡುವ ಒಂದೇ ಕೆಲಸ. ಭೂಮಿಯ ಲೆಕ್ಕದಲ್ಲಿ, ವಿಮೆಯಲ್ಲಿ, ಪಿಂಚಣಿಯಲ್ಲಿ ಬಹಳ ಜನ ಬರುವುದೇ ಇಲ್ಲ. ಬಾರದವರ ಬಗ್ಗೆ ಏನನ್ನೂ ತೀರ್ಮಾನಿಸದೆ ಬಿಟ್ಟೆವು ಎಂದರೂ ಅವರ ಹೊಲಕ್ಕೆ ಏನಾದರೊಂದು ಆಗಿಯೇ ಆಗುತ್ತದೆ. ಖಾಲಿ ಬಿಟ್ಟ ಕಾಲಮ್ಮೂ ಒಂದು ನಮೂದೇ, ಅದಕ್ಕೆ ಸಹಿ ಮಾಡಿದವರ ಹೆಸರು ಮಾತ್ರ ಇರುವುದಿಲ್ಲ.

ಗೊಬ್ಬೂರಿನ ತೊಗರಿ ಹೊಲಗಳಿಗೆ ಇದನ್ನು ಹಚ್ಚಿ ನೋಡಲು ಬೆಳೆ ವಿಮೆಯಷ್ಟು ಒಳ್ಳೆಯ ಸಂದರ್ಭ ಇನ್ನೊಂದಿಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದಾಗ ಬೆಳೆ ಸಾಲ ಪಡೆದವರಿಗೆ ಅದು ಕಡ್ಡಾಯ. 2020ರ ಮುಂಗಾರಿನಿಂದ ಎಲ್ಲರಿಗೂ ಐಚ್ಛಿಕ ಎಂದು ಸಾರಲಾಯಿತು. ಆದರೆ ಐಚ್ಛಿಕ ಎಂಬುದು ಎಲ್ಲರಿಗೂ ಒಂದೇ ರೀತಿ ಇಲ್ಲ. ಸಾಲ ಪಡೆದವನು ನೋಂದಣಿಯ ಕೊನೆಯ ದಿನಕ್ಕೆ 7 ದಿನ ಮೊದಲು ಬ್ಯಾಂಕಿಗೆ ಬೇಡವೆಂದು ಬರೆದುಕೊಡದಿದ್ದರೆ ಯೋಜನೆಯ ಒಳಗೆ. ಸಾಲವಿಲ್ಲದವನು ತಾನೇ ಹೋಗಿ ಹೆಸರು ಬರೆಸದಿದ್ದರೆ ಹೊರಗೆ. ಬದುವಿನ ಆಚೆಗೊಬ್ಬ ಈಚೆಗೊಬ್ಬ, ಇಬ್ಬರದೂ ಅದೇ ಕರಿಮಣ್ಣು, ಅದೇ ತೊಗರಿ, ಅದೇ ತಪ್ಪಿದ ಮಳೆ. ಇಬ್ಬರೂ ಸುಮ್ಮನೇ ಇದ್ದಾರೆ. ಒಬ್ಬನಿಗೆ ಪರಿಹಾರದ ಸಾಧ್ಯತೆ ಇದೆ, ಇನ್ನೊಬ್ಬನಿಗೆ ಇಲ್ಲ. ಇಲ್ಲಿ ಮೊದಲೇ ಟಿಕ್ ಹಾಕಿಟ್ಟದ್ದು ರೈತನ ಅಪಾಯವನ್ನು ನೋಡಿ ಅಲ್ಲ, ಬ್ಯಾಂಕಿನ ಸಾಲವನ್ನು ನೋಡಿ. ಕೇಳದೆ ಖಾತೆಯಿಂದ ಕಂತು ಮುರಿದುಕೊಳ್ಳುವುದು ತಪ್ಪು, ಆದ್ದರಿಂದ ಎಲ್ಲರನ್ನೂ ಹೊರಗೇ ಇಡಿ ಎಂಬ ವಾದವೂ ಇದೆ, ವಿಮಾ ಕಂಪನಿಗಳಿಗೆ ಈ ಮೌನ ಲಾಭವಾಗುತ್ತದೆ ಎಂಬ ಸಂಶಯವೂ ಇದೆ. ಎರಡನ್ನೂ ತಳ್ಳಿಹಾಕಲಾಗದು. ಆದರೂ ತೂಗಿ ನೋಡಬೇಕು: ಮುಂಗಾರಿನ ಆಹಾರ ಧಾನ್ಯ, ಬೇಳೆಕಾಳುಗಳಿಗೆ ರೈತನ ಪಾಲಿನ ಕಂತು ವಿಮಾ ಮೊತ್ತದ 2 ಪ್ರತಿಶತಕ್ಕಿಂತ ಮೇಲೆ ಹೋಗುವುದಿಲ್ಲ. ಬೇಡದ ಕಂತು ಹೋದರೆ ಆ ಹಂಗಾಮಿನ ನಷ್ಟ, ಬೇಕಾದ ವಿಮೆ ಇಲ್ಲದೆ ಬೆಳೆ ಹೋದರೆ ಮುಂದಿನ ಹಂಗಾಮಿನ ಬೀಜಕ್ಕೂ ಸಾಲ. ಮಳೆಯನ್ನೇ ನಂಬಿದ ಈ ಭಾಗದಲ್ಲಿ ಒಳಗಿಡುವುದೇ ಮೇಲು ಎಂದು ನನಗನ್ನಿಸುತ್ತದೆ; ಷರತ್ತೆಂದರೆ ಬೇಡವೆನ್ನುವ ದಾರಿ ಒಳಗೆ ಬಂದ ದಾರಿಯಷ್ಟೇ ಸಲೀಸಾಗಿರಬೇಕು.

ಅದೇ ವಿಮೆಯ ಅರ್ಜಿಯಲ್ಲಿ ಬೆಳೆಯ ಹೆಸರಿನ ಕಾಲಮ್ಮಿಗೆ ಬಂದರೆ ನನ್ನ ಉತ್ತರ ತಿರುಗುಮುರುಗು. ಅಲ್ಲಿ ಹೋದ ವರ್ಷದ ಬೆಳೆಯನ್ನೋ ತಾಲ್ಲೂಕಿನಲ್ಲಿ ಹೆಚ್ಚಾಗಿರುವ ಬೆಳೆಯನ್ನೋ ಮೊದಲೇ ತುಂಬಿಟ್ಟರೆ ಆಪರೇಟರಿಗೆ ಅನುಕೂಲ ನಿಜ, ಹತ್ತರಲ್ಲಿ ಹೆಚ್ಚಿನ ಸಲ ಅದು ಸರಿಯೂ ಇದ್ದೀತು. ಆದರೆ ಈ ಸಲ ತೊಗರಿ ಬಿಟ್ಟು ಹತ್ತಿ ಹಾಕಿದವನ ಅರ್ಜಿಯಲ್ಲಿ ತೊಗರಿಯೇ ಉಳಿದುಹೋದರೆ, ಹೊಲಕ್ಕೆ ಹೋಗಿ ಫೋಟೊ ತೆಗೆದ ಬೆಳೆ ಸಮೀಕ್ಷೆಯ ದಾಖಲೆಯೊಂದಿಗೆ ಅದು ತಾಳೆಯಾಗುವುದಿಲ್ಲ, ಪರಿಹಾರ ಅಲ್ಲಿಗೇ ನಿಲ್ಲುತ್ತದೆ. ಕಂತು ಕಟ್ಟಿಯೂ ಬರಿಗೈ. ಇಂಥ ಕಾಲಮ್ಮು ಖಾಲಿಯೇ ಇರಬೇಕು, ತುಂಬದೆ ಮುಂದೆ ಹೋಗಲು ಬಿಡಬಾರದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಜನರನ್ನು ಮೋಸಗೊಳಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿದೆ. ಕೊಳ್ಳುವವನಿಗೆ ತಿಳಿಯದೆ ಬುಟ್ಟಿಗೆ ದಾನವನ್ನೋ ಇನ್ನೊಂದು ಸೇವೆಯನ್ನೋ ಸೇರಿಸುವುದು ಅದರಲ್ಲೊಂದು. ಅದರ ಗಮನವೆಲ್ಲ ಮಾರಾಟದ ವೇದಿಕೆಗಳ ಮೇಲೆ. ಕೆಟ್ಟ ಉದ್ದೇಶವಿಲ್ಲದೆ, ಬರೀ ಅನುಕೂಲಕ್ಕೆ ತುಂಬಿಟ್ಟ ಕಾಲಮ್ಮು ಅಷ್ಟೇ ಹಾನಿ ಮಾಡಬಲ್ಲದು ಎಂಬುದು ಆ ಪಟ್ಟಿಯ ಹೊರಗೆ ಉಳಿದಿದೆ.

ಈಚಿನ ವರ್ಷಗಳಲ್ಲಿ ನೋಂದಾಯಿತ ಪತ್ರಗಳ ಖಾತೆ ಬದಲಾವಣೆಗೆ ತಕರಾರಿನ ಅವಧಿಯನ್ನು ಸರ್ಕಾರ 7 ದಿನಕ್ಕೆ ಇಳಿಸಿದೆ. ಉಪನೋಂದಣಾಧಿಕಾರಿಯ ಮುಂದೆ ಬಂದು ಸಹಿ ಮಾಡಿ ಮಾರಿದವನು ಮತ್ತೆ ಬಾಯಿಬಿಡಲಿ ಎಂದು ತಿಂಗಳು ಕಾಯಬೇಕಿಲ್ಲ ಎಂಬ ತರ್ಕ ಒಪ್ಪುವಂಥದ್ದು, ಅವನು ಮಾತಾಡಿಯಾಗಿದೆ. ಮಾತೇ ಆಡದವರು ಇರುವುದು ಪೌತಿ ಖಾತೆಯಲ್ಲಿ. ತಂದೆ ತೀರಿಕೊಂಡಾಗ ಗಂಡುಮಕ್ಕಳಲ್ಲೊಬ್ಬ ವಂಶವೃಕ್ಷ ಹಿಡಿದು ಅರ್ಜಿ ಕೊಡುತ್ತಾನೆ. ಒಬ್ಬ ಮಗಳು ಸೊಲ್ಲಾಪುರದಲ್ಲಿ, ಇನ್ನೊಬ್ಬಳು ಗಂಡನೊಂದಿಗೆ ಪುಣೆಗೋ ಮುಂಬಯಿಗೋ ದುಡಿಯಲು ಹೋಗಿದ್ದಾಳೆ. ಚಾವಡಿಯ ನೋಟಿಸು ಅವರ ಕಣ್ಣಿಗೆ ಬೀಳುವುದಿಲ್ಲ. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಸಮಪಾಲು ಕೊಟ್ಟಿವೆ, 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು 2005ರಲ್ಲಿ ತಂದೆ ಬದುಕಿರಬೇಕಿತ್ತೇ ಎಂಬ ಸಂಶಯವನ್ನೂ ತೆಗೆದುಹಾಕಿದೆ. ಕಾನೂನಿನಲ್ಲಿ ಅವರು ಒಳಗೆ. ಹೆಸರು ಸೇರಿಸಿ ಎಂದು ಯಾರೂ ಹೇಳದಿದ್ದರೆ ದಾಖಲೆಯಲ್ಲಿ ಹೊರಗೆ. ಊರಲ್ಲಿ ಕೇಳಿಬರುವ ಸಮರ್ಥನೆ, ಅಕ್ಕತಂಗಿಯರು ಒಪ್ಪಿಯೇ ಬಿಟ್ಟುಕೊಟ್ಟಿದ್ದಾರೆ, ಕೇಳಿದರೆ ಮನಸ್ಸು ಕೆಡುತ್ತದೆ ಎಂಬುದು. ಒಪ್ಪಿ ಬಿಟ್ಟುಕೊಟ್ಟವರು ಇದ್ದಾರೆ, ಇರಲಿ. ಅದಕ್ಕೆ ನೋಂದಾಯಿತ ಹಕ್ಕುಬಿಡುಗಡೆ ಪತ್ರವೆಂಬ ಒಂದು ದಾರಿಯೂ ಇದೆ. ಆದ್ದರಿಂದ ಪೌತಿ ಅರ್ಜಿಯ ಪರದೆಯಲ್ಲಿ ವಂಶವೃಕ್ಷದ ಎಲ್ಲ ಹೆಸರುಗಳ ಮುಂದೆಯೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳದೂ ಸೇರಿ, ಟಿಕ್ ಬಿದ್ದೇ ಇರಬೇಕು. ಒಂದನ್ನು ತೆಗೆಯಲು ಹೋದರೆ ಚೌಕ ಎದ್ದು ಆ ಪತ್ರದ ನೋಂದಣಿ ಸಂಖ್ಯೆ ಕೇಳಬೇಕು, ಸಂಖ್ಯೆ ಇಲ್ಲದೆ ಎಂಟರ್ ಒತ್ತಿದರೆ ಹೆಸರು ಇದ್ದಲ್ಲೇ ಉಳಿಯಬೇಕು.